ಕೆಂಪು ಬೆಳಕಿನ ತೇಗ, ನೀಲಿ ಬೆಳಕಿನ ತೇಗ

ತೇಗದ ಗಿಡವನ್ನು ಹೊಲದಲ್ಲಿ ನೋಡುವುದಕ್ಕೂ ಮೊದಲೇ ಸೀಸೆಯೊಳಗೆ ನೋಡಿದವನು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನೆಲಮಂಗಲದ ಹತ್ತಿರ, ಹೆದ್ದಾರಿ ಪಕ್ಕದ ಹಳೆಯ ಗೋದಾಮಿನಲ್ಲಿ ನಮ್ಮ ಅಂಗಾಂಶ ಕೃಷಿಯ ಪ್ರಯೋಗಾಲಯವಿತ್ತು. ಮರದ ಚಿಗುರಿನ ತುಣುಕನ್ನು ಸೀಸೆಯೊಳಗಿನ ಪೋಷಕ ಲೋಳೆಯಲ್ಲಿ ನೆಟ್ಟು, ಟ್ಯೂಬ್‌ಲೈಟಿನ ಕೆಳಗೆ ಬೆಳೆಸಿ, ಮತ್ತೆ ಕತ್ತರಿಸಿ, ಒಂದನ್ನು ಹತ್ತು ಮಾಡುವುದು ನಮ್ಮ ಕೆಲಸ. ಎಂ.ಎಸ್ಸಿ. ಮುಗಿಸಿ ಹೊಸದಾಗಿ ಸೇರಿದ್ದ ನನಗೆ, ಗಿಡಗಳ ವಿಷಯದಲ್ಲಿ ಇನ್ನು ತಿಳಿಯಬೇಕಾದದ್ದು ಹೆಚ್ಚೇನೂ ಉಳಿದಿಲ್ಲ ಎಂಬ ಧೈರ್ಯವಿತ್ತು.

ನಮ್ಮ ತೇಗದ ಚಿಗುರುಗಳು ಮಾತ್ರ ಗಿಡ್ಡವಾಗಿಯೇ ಉಳಿದು ಕತ್ತರಿಗೆ ಸಿಗುತ್ತಿರಲಿಲ್ಲ. ಗಿಡಕ್ಕೆ ಬೆಳಕೆಂದರೆ ಬರೀ ಊಟವಲ್ಲ, ಸುದ್ದಿಯೂ ಹೌದು. ಕೆಂಪು ಬೆಳಕು ಕಾಂಡವನ್ನು ಉದ್ದಕ್ಕೆ ಎಳೆಯುತ್ತದೆ, ನೀಲಿ ಬೆಳಕು ತಡೆದು ದಪ್ಪಗೆ ಕೂರಿಸುತ್ತದೆ ಎಂದು ಓದಿದ್ದೆ. ನಾಟಕದವರಿಗೆ ದೀಪ ಬಾಡಿಗೆಗೆ ಕೊಡುವ ಅಂಗಡಿಯಿಂದ ಬಣ್ಣದ ಹಾಳೆ ತಂದು ಒಂದು ಕಪಾಟಿನ ದೀಪಗಳಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಸುತ್ತಿದೆ. ಕೆಲವೇ ವಾರಗಳಲ್ಲಿ ಕೆಂಪು ಕಪಾಟಿನ ಚಿಗುರುಗಳು ಸೀಸೆಯ ಮುಚ್ಚಳ ಮುಟ್ಟಿದವು. ಬಂದವರಿಗೆಲ್ಲ ಅವನ್ನು ತೋರಿಸುತ್ತಾ ಓಡಾಡಿದೆ.

ಚಿಗುರು ಕತ್ತರಿಸುತ್ತಿದ್ದವರು ಶಮೀಮಮ್ಮ, ನೆಲಮಂಗಲದವರು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ದಿನವಿಡೀ ಚಿಮಟ ಹಿಡಿದು ಕೂರುವ ಅವರು ಒಂದು ದಿನ ತಲೆ ಎತ್ತಿ ಹೇಳಿದರು:

“ಸಾರ್, ಇವು ಉದ್ದ ಆಗವೆ, ಗಟ್ಟಿ ಆಗಿಲ್ಲ. ಚಿಮಟದಲ್ಲಿ ಹಿಡಿದ್ರೆ ಬಗ್ಗೋಯ್ತವೆ. ನೀಲಿವು ಹಂಗಲ್ಲ.”

“ನೀಲಿವು ಗಿಡ್ಡ ಅಲ್ವಾ ಶಮೀಮಮ್ಮ? ಪುಸ್ತಕದಲ್ಲಿ ಎಲ್ಲಾ ಬರೆದವ್ರೆ. ನೀವು ಕತ್ತರಿಸಿ.”

ಅವರು ಮತ್ತೆ ಚಿಮಟ ಹಿಡಿದರು. ಕೆಂಪು ಕಪಾಟಿನ ಚಿಗುರುಗಳಿಗೆ ಬೇರು ಬರಿಸಿ, ಮಣ್ಣಿನ ಚೀಲಗಳಿಗೆ ಹಾಕಿ, ಹೊರಗೆ ನೆರಳುಬಲೆಯ ಕೆಳಗಿಟ್ಟೆವು. ನಾಲ್ಕೇ ದಿನಕ್ಕೆ ಸಾಲುಸಾಲಾಗಿ ಮಲಗಿದವು. ಅಂದೇ ಗಂಗಣ್ಣನವರು ಬಂದರು. ಶಿವಗಂಗೆ ಬೆಟ್ಟದ ಕೆಳಗಿನ ಊರಿನವರು. ಈ ಸಸಿಗಳನ್ನೇ ನಂಬಿ ಹೊಲದ ಬದುವಿನುದ್ದಕ್ಕೂ ಗುಂಡಿ ತೋಡಿ ಕಾಯುತ್ತಿದ್ದರು.

“ಏನಪ್ಪಾ, ಎಲ್ಲಾ ಮಲಗ್ಬಿಟ್ಟವಲ್ಲ! ಮಳೆ ಶುರುವಾಯ್ತು. ಗುಂಡಿಗೆ ಏನ್ ನೆಡ್ಲಿ ನಾನು?”

ಇನ್ನೊಂದು ತಿಂಗಳು ಕಾಲಾವಕಾಶ ಕೇಳಿ ಅವರನ್ನು ಕಳಿಸಿ, ನೇರ ಶಮೀಮಮ್ಮನವರ ಮುಂದೆ ಹೋಗಿ ನಿಂತೆ.

“ಬೈಬೇಡಿ ಸಾರ್,” ಎಂದರು. “ಒಂದು ಸಾಲು ಸೀಸೆ ಕೆಂಪಿಂದ ತೆಗೆದು ನೀಲಿ ಕೆಳಗೆ ಇಟ್ಟಿದೀನಿ. ಉದ್ದ ಆಗಿತ್ತಲ್ಲ, ಇನ್ನು ಗಟ್ಟಿ ಆಗ್ಲಿ ಅಂತ.”

ನೀಲಿ ಬೆಳಕಿನಲ್ಲಿ ಎಲೆಯ ಬಣ್ಣ ತಿಳಿಯದೆ ಆ ಸೀಸೆಗಳನ್ನು ಕಿಟಕಿಯ ಹತ್ತಿರ ತಂದು ನೋಡಿದೆ. ಎಲೆ ಕಡುಹಸಿರಾಗಿತ್ತು, ಸೀಸೆ ಅಲುಗಿಸಿದರೂ ಬಗ್ಗದಷ್ಟು ಕಾಂಡ ಗಟ್ಟಿಯಾಗಿತ್ತು. ಕೆಂಪಿನಲ್ಲೂ ನೀಲಿಯಲ್ಲೂ ಗುಣವಿದೆ ಎಂದು ನಾನು ಓದಿದ್ದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರಿಗೆ ಹೊಳೆದಿತ್ತು. ಉಳಿದ ಸೀಸೆಗಳನ್ನೆಲ್ಲ ಅದೇ ಕ್ರಮದಲ್ಲಿ ಸಾಗಿಸಿದೆವು. ಈ ಸಲ ಹೊರಗಿಟ್ಟ ಸಸಿಗಳು ನೆಟ್ಟಗೆ ನಿಂತವು. ಗಂಗಣ್ಣನವರು ಮಳೆ ಮುಗಿಯುವ ಮೊದಲೇ ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋದರು.

ಪ್ರಯೋಗಾಲಯದ ಯಜಮಾನರು ನಮ್ಮಿಬ್ಬರನ್ನೂ ಕರೆಸಿ, “ಇದು ಯಾರ ಯೋಚನೆ?” ಎಂದು ಕೇಳಿದರು. ‘ನನ್ನದು’ ಎನ್ನಲು ಬಾಯಿ ತೆರೆದದ್ದು ನಿಜ. ಪಕ್ಕದಲ್ಲಿ ಶಮೀಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನೆಲ ನೋಡುತ್ತಿದ್ದರು. “ಇವರದು ಸಾರ್. ಮೊದಲೇ ಹೇಳಿದ್ರು, ನಾನು ಕೇಳಲಿಲ್ಲ,” ಎಂದೆ.

ಮರುತಿಂಗಳಿಂದ ದೀಪದ ಕೋಣೆಯ ಉಸ್ತುವಾರಿ ಶಮೀಮಮ್ಮನವರಿಗೆ ಬಂತು. ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ತಡೆದರು. “ಸಾರ್, ಚಪ್ಪಲಿ ಹೊರಗೆ. ಕೈ ತೊಳ್ಕೊಂಡು ಬನ್ನಿ. ಕೇಳ್ದೆ ಯಾವ ಸೀಸೆನೂ ಮುಟ್ಬೇಡಿ.” ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಬಂದೆ. ಆಮೇಲೆ ನಮ್ಮ ಸಸಿಗಳು ಸಾಯುವುದು ಕಡಿಮೆಯಾಯಿತು, ನನ್ನ ಎಂ.ಎಸ್ಸಿ.ಗೂ ಅದರಿಂದ ಏನೂ ಕುಂದಾಗಲಿಲ್ಲ.