ಎರಡು ಸಾಲಿನ ಕಾಗದ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದುಹೋದದ್ದು ಎಷ್ಟು ಸಲವೋ. ಮೊದಲು ಕನ್ನಡಕದ ನಂಬರು ಸರಿಯಿಲ್ಲ ಎಂದುಕೊಂಡೆ. ಆಮೇಲೆ ಮಗಳು ಅಪಾರ್ಟ್‌ಮೆಂಟು ಬದಲಾಯಿಸುವ ಗಲಾಟೆ ಮುಗಿಯಲಿ ಎಂದುಕೊಂಡೆ. ನೆಪಗಳು ಮುಗಿದಿವೆ. ಮುಂದೂಡುವ ಕೆಲಸದಲ್ಲಿ ಒಂದು ದೇಶದ ಪಾರ್ಲಿಮೆಂಟೇ ಒಮ್ಮೆ ನನ್ನ ಜೊತೆ ಪೈಪೋಟಿಗೆ ಬಿದ್ದಿತ್ತು. ಆಗ ನಡೆದದ್ದನ್ನೇ ಹೇಳಬೇಕಾಗಿದೆ.

ನಾನು ಹೈಸ್ಕೂಲು ಮುಗಿಸಿದವನು, ಅಷ್ಟೇ. ಹಾಸನದ ಕಡೆಯವನು. ಸೋದರಮಾವ ಕರೆಸಿಕೊಂಡದ್ದರಿಂದ ಇಂಗ್ಲೆಂಡಿನ ನಡುಭಾಗದ ಒಂದು ಊರಿಗೆ ಹೋಗಿ, ಬಸ್ ಕಂಡಕ್ಟರನಾಗಿ, ಆಮೇಲೆ ಡ್ರೈವರನಾಗಿ ಬದುಕು ಕಳೆದೆ. ಅಲ್ಲಿಯ ಪಾಸ್‌ಪೋರ್ಟು ಬಂತು, ಓಟೂ ಬಂತು. ಹೆಂಡತಿ ತೀರಿಕೊಂಡ ಮೇಲೆ ಮಗಳು ನನ್ನನ್ನು ಇಲ್ಲಿಗೆ, ಸನ್ನಿವೇಲ್‌ಗೆ ಕರೆತಂದಳು. ಅವಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ.

ಇಲ್ಲಿಗೆ ಬಂದ ಮರುವರ್ಷ ಅಂಚೆಯಲ್ಲಿ ನನ್ನ ಹೆಸರಿಗೆ ಮತಪತ್ರ ಬಂತು. ಯುರೋಪಿನ ಒಕ್ಕೂಟದಲ್ಲಿ ಬ್ರಿಟನ್ ಇರಬೇಕೋ ಹೊರಗೆ ಬರಬೇಕೋ ಎಂಬ ಪ್ರಶ್ನೆ. ಊಟದ ಮೇಜಿನ ಮೇಲೆ ಇಟ್ಟುಕೊಂಡು, ಹೊರಗೆ ಎಂಬುದರ ಮುಂದೆ ಗುರುತು ಹಾಕಿದೆ. ಮೂಲೆಯ ನೀಲಿ ಅಂಚೆಪೆಟ್ಟಿಗೆಗೆ ಹಾಕಿ ಬಂದು, ಬೆಳಗಿನ ಎರಡನೇ ಕಾಫಿ ಕುಡಿದೆ. ಯಾಕೆ ಹಾಗೆ ಹಾಕಿದೆ ಎಂದು ಪಾರ್ಕಿನಲ್ಲಿ ಕೇಳಿದವರಿಗೆ ಒಂದು ಕಾರಣ ಹೇಳುತ್ತಿದ್ದೆ: "ನಾವು ಕ್ಷಯ ಇಲ್ಲ ಅಂತ ತೋರಿಸೋಕೆ ಎದೆಯ ಎಕ್ಸ್‌ರೇ ಕೈಯಲ್ಲಿ ಹಿಡಿದು ಏರ್‌ಪೋರ್ಟಿನಲ್ಲಿ ಗಂಟೆಗಟ್ಟಲೆ ನಿಂತೋರು. ಈ ಯುರೋಪಿನೋರು ಒಂದು ಚೀಲ ಹಿಡಿದು ಬಸ್ಸಲ್ಲಿ ಬಂದಿಳೀತಾರೆ." ಅದು ಅರ್ಧ ನಿಜ. ಉಳಿದರ್ಧ ಮುಂದೆ ಬರುತ್ತದೆ.

ಹೊರಗೆ ಎಂದವರೇ ಗೆದ್ದರು. ಆದರೆ ಹೊರಗೆ ಹೋಗುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ವರ್ಷ ಕಳೆಯಿತು, ಎರಡಾಯಿತು. ಅಲ್ಲಿಯ ಸಂಜೆ ಇಲ್ಲಿಯ ಮಧ್ಯಾಹ್ನ. ಊಟ ಮಾಡುತ್ತ ಟ್ಯಾಬ್ಲೆಟ್ಟಿನಲ್ಲಿ ಪಾರ್ಲಿಮೆಂಟು ನೋಡುವುದು ನನಗೆ ಚಟವಾಯಿತು. ಹಸಿರು ಬೆಂಚುಗಳು, "ಆರ್ಡರ್, ಆರ್ಡರ್" ಎಂಬ ಕೂಗು, ಎದ್ದುಹೋಗಿ ಓಟು ಹಾಕಿ ಬರುವ ಮಂದಿ, ಮತ್ತೆ ಬೇಡ, ಮತ್ತೆ ಗಡುವು ಮುಂದಕ್ಕೆ. ಸುದ್ದಿಯವರು ಅಲ್ಲಿಯ ಸಂತೆಬೀದಿಗಳಲ್ಲಿ ಮೈಕು ಹಿಡಿದರೆ, ಹೊರಗೆ ಎಂದವರೂ ಒಳಗೆ ಎಂದವರೂ ಒಂದೇ ಮುಖ ಮಾಡುತ್ತಿದ್ದರು. ಏನಾದರೂ ಒಂದು ಮಾಡಿ ಮುಗಿಸಿ, ಸಾಕಾಗಿದೆ ಎನ್ನುತ್ತಿದ್ದರು. ಅವರ ಹಿಂದೆ ನನ್ನ ಹಳೇ ರೂಟಿನ ಬಸ್ಸು ಹಾದುಹೋಗುತ್ತದೇನೋ ಎಂದು ನಾನು ಹುಡುಕುತ್ತಿದ್ದೆ.

ಪಾರ್ಕಿನ ಬೆಂಚಿನಲ್ಲಿ ಮಂಡ್ಯದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನಗೆ ಜೊತೆ. ನನ್ನನ್ನು ಕಂಡ ಕೂಡಲೇ ಶುರು ಮಾಡುವರು.

"ಏನ್ ಸಾಮಿ, ನಿಮ್ಮೋರು ಇವತ್ತಾದ್ರೂ ಹೊಂಟ್ರಾ?"

"ಇಲ್ಲ ಮೇಷ್ಟ್ರೇ. ಇನ್ನೂ ಮೂರು ತಿಂಗಳಂತೆ."

"ನಮ್ಮ ಚಿಕ್ಕತ್ತೆ ಹಿಂಗೇ ಕಣ್ರೀ. ಬತ್ತೀನಿ ಕಣವ್ವ ಅಂತ ಎದ್ದು, ಬಾಗ್ಲಲ್ಲಿ ಒಂದ್ಗಂಟೆ ನಿಂತು ಮಾತಾಡಿ, ಕೊನೆಗೆ ರಾತ್ರಿ ಊಟಕ್ಕೂ ಅಲ್ಲೇ ಕೂರೋಳು."

ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ. ಅದೇ ವಾರ ಇಂಗ್ಲೆಂಡಿನಿಂದ, ಹಿಂದೆ ನಮ್ಮ ಮನೆಯಲ್ಲಿದ್ದ ಹೆಂಗಸೊಬ್ಬಳ ಮೊದಲ ಫೋನು ಬಂತು.

ಅವಳು ಪೋಲೆಂಡಿನವಳು. ನನ್ನ ಹೆಂಡತಿಗೆ ಎಡಭಾಗ ಲಕ್ವ ಹೊಡೆದಾಗ, ನೋಡಿಕೊಳ್ಳಲು ಬಂದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎರಡೂವರೆ ವರ್ಷ ಇದ್ದವಳು. ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸಿದವಳು. ನನ್ನವಳು ಅವಳಿಗೆ ಗಂಜಿಗೆ ಜೀರಿಗೆ ಯಾವಾಗ ಹಾಕಬೇಕೆಂದು ಮಲಗಿದಲ್ಲಿಂದಲೇ ಕಲಿಸಿದ್ದಳು. ಒಂದಿಷ್ಟು ಕನ್ನಡವನ್ನೂ ಕಲಿಸಿದ್ದಳು. ಹಾಗಾಗಿ ಫೋನಿನಲ್ಲಿ ಅವಳ ಮೊದಲ ಮಾತು ಯಾವಾಗಲೂ ಒಂದೇ, ಅದೂ ನನ್ನವಳ ರಾಗದಲ್ಲೇ: "ಊಟ ಆಯ್ತಾ?"

ಆಮೇಲೆ ಇಂಗ್ಲಿಷಿನಲ್ಲಿ ವಿಷಯಕ್ಕೆ ಬಂದಳು. ಯುರೋಪಿನವರು ಇನ್ನು ಅಲ್ಲಿ ಇರಬೇಕಾದರೆ, ಐದು ವರ್ಷ ಬಿಡದೆ ವಾಸವಿದ್ದೆವೆಂದು ತೋರಿಸಬೇಕಂತೆ. ಈಗಿನ ನಾಲ್ಕು ವರ್ಷಕ್ಕೆ ಅವಳು ಕೆಲಸ ಮಾಡುವ ವೃದ್ಧರ ಕೇರ್ ಹೋಮಿನ ಸಂಬಳದ ಚೀಟಿಗಳಿವೆ. ಅದಕ್ಕೂ ಹಿಂದೆ ನಮ್ಮ ಮನೆಯಲ್ಲಿದ್ದದ್ದಕ್ಕೆ ಒಂದು ಚೂರು ಕಾಗದವೂ ಇಲ್ಲ. ಎಲ್ಲ ಬಿಲ್ಲೂ ನನ್ನ ಹೆಸರಿನಲ್ಲಿದ್ದವು.

"ಎರಡೇ ಸಾಲು ಬರೆದುಕೊಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ನಿಮ್ಮ ಮನೇಲಿದ್ದೆ ಅಂತ. ಕೆಳಗೆ ಸಹಿ."

"ಆಗಲಿ, ಅದಕ್ಕೇನು. ಮುಂದಿನ ವಾರ ಕಳಿಸ್ತೀನಿ," ಎಂದೆ.

ಬರೆಯಲು ಬರುವುದಿಲ್ಲವೆಂದಲ್ಲ. ನನ್ನ ಬಸ್ಸಿನ ಇಂಗ್ಲಿಷಿಗೆ ಎರಡು ಸಾಲು ಹೆಚ್ಚಲ್ಲ. ಆದರೆ ಅದನ್ನು ಸ್ಕ್ಯಾನ್ ಮಾಡಿ ಕಳಿಸಬೇಕಾದವಳು ಮಗಳು. ಮಗಳು ಓದಿದರೆ ಕೇಳುತ್ತಾಳೆ: ಯಾರಿವರು, ನಮ್ಮ ಮನೆಯಲ್ಲೇ ಇದ್ದರಾ ಎಂದು.

ಮಗಳಿಗೆ ನಾನು ಹೇಳಿದ್ದು ಬೇರೆ. ಆಗ ಅವಳಿಗೆ ವೀಸಾದ ತಾಪತ್ರಯ, ಬರಲಾಗುತ್ತಿರಲಿಲ್ಲ. ವಿಡಿಯೋದಲ್ಲಿ ಅತ್ತು, "ಎಲ್ಲಾ ನೀವೊಬ್ಬರೇ ಮಾಡ್ತಿದೀರಾ ಅಪ್ಪಾ?" ಎಂದು ಕೇಳಿದಾಗ, "ಹ್ಞೂಂ, ಮತ್ಯಾರು ಮಾಡ್ತಾರೆ" ಎಂದುಬಿಟ್ಟೆ. ಒಮ್ಮೆ ಅಂದ ಮೇಲೆ ಅದನ್ನು ಉಳಿಸಿಕೊಳ್ಳಬೇಕಾಯಿತು. ಮಗಳ ಫೋನು ಬಂದಾಗ ಪೋಲೆಂಡಿನವಳು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಅವಳಿಗೆ ಎಲ್ಲವೂ ಗೊತ್ತಿತ್ತು.

ಕೊನೆಯ ದಿನದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಬೆಳಿಗ್ಗೆಯಿಂದ ನನ್ನವಳ ಉಸಿರು ಗೊರಗೊರ ಎನ್ನುತ್ತಿತ್ತು. ಡಾಕ್ಟರು ಬಂದು ನೋಡಿ, ಇವತ್ತೋ ನಾಳೆಯೋ ಎಂದಿದ್ದರು. ನನ್ನಿಂದ ಆ ಸದ್ದು ಕೇಳಲಾಗಲಿಲ್ಲ. ಹಾಲು ತರುತ್ತೇನೆಂದು ಹೊರಟವನು, ಸ್ಟಾಪಿಗೆ ನನ್ನ ಹಳೇ ರೂಟಿನ ಬಸ್ಸು ಬಂದಾಗ ಹತ್ತಿಬಿಟ್ಟೆ. ಅದು ಊರು ಸುತ್ತುವ ಬಸ್ಸು. ಒಂದು ಸುತ್ತು ಮುಗಿಯಿತು. ನಮ್ಮ ಸ್ಟಾಪು ಬಂದಾಗ ಏಳಲಿಲ್ಲ. ಎರಡನೇ ಸುತ್ತಿನಲ್ಲಿ ಇಳಿದೆ.

ಬಾಗಿಲು ತೆರೆದಾಗ ಮನೆ ನಿಶ್ಶಬ್ದವಾಗಿತ್ತು. ದೇವರ ಮುಂದೆ ಇಟ್ಟಿರುತ್ತಿದ್ದ, ಕಾಶಿಯ ಗಂಗೆಯ ತಾಮ್ರದ ಗಿಂಡಿ ಹಾಸಿಗೆಯ ಪಕ್ಕದಲ್ಲಿತ್ತು. ಅದರ ಬೆಸುಗೆ ಒಡೆದಿತ್ತು. ಪೋಲೆಂಡಿನವಳ ಕೈಯಲ್ಲಿ ಚಮಚ.

"ಅಮ್ಮ ಮೊದಲೇ ಹೇಳಿಕೊಟ್ಟಿದ್ದರು," ಎಂದಳು. "ಮೂರು ಸಲ ಕೊಟ್ಟೆ. ನಿಮ್ಮನ್ನು ಕೇಳಿದರು. ಅಂಗಡಿಗೆ ಹೋಗಿದ್ದಾರೆ, ಬಂದುಬಿಟ್ಟರು ಅಂದೆ."

ಗಂಡನಾಗಲಿ ಹೊಟ್ಟೆಯ ಮಕ್ಕಳಾಗಲಿ ಬಿಡಬೇಕಾದ ನೀರು. ನಾನು ಬಸ್ಸಿನ ಕಿಟಕಿಯಲ್ಲಿ ಅಂಗಡಿ ಬೋರ್ಡು ಓದುತ್ತಿದ್ದೆ.

ಮಗಳು ಬರಲು ಇನ್ನೂ ಎರಡು ದಿನವಿತ್ತು. ಅವಳು ಬರುವಷ್ಟರಲ್ಲಿ ಕೋಣೆ ಖಾಲಿ ಮಾಡೆಂದು ಪೋಲೆಂಡಿನವಳಿಗೆ ಹೇಳಿದೆ. ನೆಂಟರು ಬರುತ್ತಾರೆ, ಜಾಗ ಸಾಲದು ಎಂದೆ. ಒಬ್ಬ ನೆಂಟನೂ ಬರುವವನಿರಲಿಲ್ಲ. ಅವಳು ಎರಡು ಚೀಲ ತುಂಬಿಕೊಂಡು ಹೋದಳು. ಸುಡುವ ದಿನ ಕೊನೆಯ ಸಾಲಿನಲ್ಲಿ ಬಂದು ನಿಂತಿದ್ದಳು. ಮಗಳು ಅವಳನ್ನು ಯಾರೋ ಪಕ್ಕದ ಮನೆಯವರೆಂದುಕೊಂಡಳು. "ಅಮ್ಮನ ಬಾಯಿಗೆ ನೀರು ಬಿಟ್ರಾ ಅಪ್ಪಾ?" ಎಂದು ಕೇಳಿದ್ದಕ್ಕೆ ನಾನು ತಲೆಯಾಡಿಸಿದೆ.

ಮತಪತ್ರದ ಉಳಿದರ್ಧ ಕಾರಣ ಇದು. ನಾನು ಮಾಡಿದ್ದನ್ನು ಕಂಡವಳು ಆ ಊರಿನಲ್ಲಿ ಒಬ್ಬಳಿದ್ದಳು. ಹೊರಗೆ ಎಂದವರು ಗೆದ್ದರೆ ಅವಳೂ ಆ ದೇಶ ಬಿಡಬೇಕಾದೀತು. ಗುರುತು ಹಾಕುವಾಗ ಇದನ್ನು ಬಿಡಿಸಿ ಯೋಚಿಸಿದ್ದೆನೆಂದು ಹೇಳಲಾರೆ. ಯೋಚಿಸಲಿಲ್ಲವೆಂದೂ ಹೇಳಲಾರೆ.

ಅವಳ ಎರಡನೇ ಫೋನು ಬಂತು. "ಬರೀತಿದೀನಿ" ಎಂದೆ. ಮೂರನೆಯದು ಬಂತು. "ಪ್ರಿಂಟರು ಕೆಟ್ಟಿದೆ" ಎಂದೆ. ಮೇಷ್ಟ್ರನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ.

ಆಮೇಲೆ ಆ ದಿನ ಬಂತು. ಪಾರ್ಲಿಮೆಂಟಿನ ಮುಂದೆ ಎಂಟು ದಾರಿಗಳನ್ನು ಇಟ್ಟು, ಯಾವುದಾದರೂ ಒಂದನ್ನು ಒಪ್ಪಿ ಎಂದಿದ್ದರು. ಮೇಷ್ಟ್ರು ನಮ್ಮ ಮನೆಗೇ ಊಟಕ್ಕೆ ಬಂದಿದ್ದರು. ಮಗಳು ಅಂದು ಆಫೀಸಿಗೆ ಹೋಗದೆ ಒಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಎಣಿಕೆ ಓದಿದರು. ಎಂಟಕ್ಕೆ ಎಂಟೂ ಬೇಡ!

ನಾನು ಮೇಜು ಗುದ್ದಿ ಎದ್ದುನಿಂತೆ. "ಇದು ಬೇಡ, ಅದೂ ಬೇಡ! ಜನ ಕಾಯ್ತಾ ಕೂತಿದಾರೆ, ಒಂದು ಮಾತು ಹೇಳೋಕೆ ಏನ್ರೀ ರೋಗ ಇವರಿಗೆ?"

ಮಗಳು ಬಾಗಿಲು ತೆರೆದು ಇಣುಕಿದಳು. "ಅಪ್ಪಾ, ಮೀಟಿಂಗಲ್ಲಿದೀನಿ. ಅವರಿಗೆ ಕೇಳಿಸಲ್ಲ, ನನ್ನ ಬಾಸಿಗೆ ಕೇಳಿಸುತ್ತೆ."

"ಬಿಡವ್ವ," ಎಂದರು ಮೇಷ್ಟ್ರು, "ನಿಮ್ಮಪ್ಪ ಅಲ್ಲಿದ್ದಿದ್ರೆ ಒಂದೇ ಬೆಲ್ಲು ಹೊಡೆದು ಎಲ್ಲರ್ನೂ ಬಸ್ಸಿಂದ ಇಳಿಸಿಬಿಡೋರು."

ಆಗ ನನ್ನ ಫೋನು ಬಡಿದುಕೊಂಡಿತು. ಎತ್ತಿದೆ.

"ಊಟ ಆಯ್ತಾ?"

ಮಗಳು ಬಾಗಿಲಲ್ಲೇ ನಿಂತಿದ್ದಳು. ನಾನು ಫೋನು ಕತ್ತರಿಸಿದೆ.

"ಯಾರಪ್ಪಾ ಅದು? ಕನ್ನಡದ ಹಾಗಿತ್ತು."

"ಯಾರೋ. ರಾಂಗ್ ನಂಬರು."

ಟ್ಯಾಬ್ಲೆಟ್ಟಿನಲ್ಲಿ ಆ ಮಂದಿ ಇನ್ನೂ ಕೂಗಾಡುತ್ತಿದ್ದರು. ಮೇಷ್ಟ್ರು ನನ್ನ ಮುಖ ನೋಡಿ, ಮಜ್ಜಿಗೆ ಕಲಸಿಕೊಂಡರು.

ಅವಳು ಮತ್ತೆ ಕಾಗದ ಕೇಳಲಿಲ್ಲ. ಮುಂದಿನ ವರ್ಷ, ನನ್ನವಳ ತಿಥಿಯ ದಿನ ಮಾತ್ರ ಫೋನು ಮಾಡಿದಳು. ಐದು ವರ್ಷ ತೋರಿಸಲಾಗದ್ದರಿಂದ ತಾತ್ಕಾಲಿಕವಾಗಿ ಇರಲಷ್ಟೇ ಅನುಮತಿ ಸಿಕ್ಕಿತ್ತಂತೆ. ಇನ್ನೊಂದು ವರ್ಷ ಅಲ್ಲೇ ಇದ್ದಿದ್ದರೆ ಪೂರ್ತಿಯಾಗುತ್ತಿತ್ತು. ಅಷ್ಟರಲ್ಲಿ ಪೋಲೆಂಡಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು. ಬಿಟ್ಟು ಹೋದರೆ ಐದು ವರ್ಷದ ಲೆಕ್ಕ ಮುರಿಯುತ್ತದೆಂದು ಗೊತ್ತಿದ್ದೂ ಹೋದಳು. ಹೋಗಿ, ತಾಯಿಗೆ ಗಂಜಿ ಕುಡಿಸುತ್ತಿದ್ದಳು. "ಜೀರಿಗೆ ಹಾಕಿ," ಎಂದು ನಕ್ಕಳು. ಇನ್ನು ವಾಪಸು ಹೋಗುವುದು ಆಗಲಿಕ್ಕಿಲ್ಲ ಎಂದಳು. ನಾನು ಹ್ಞೂಂಗುಟ್ಟಿದೆ. ಕ್ಷಮಿಸು ಎನ್ನಲು ಸಾಕಾಗುವಷ್ಟು ಹೊತ್ತು ಅವಳು ಸುಮ್ಮನಿದ್ದಳು. ನಾನು ಅಲ್ಲಿ ಚಳಿ ಹೇಗಿದೆ ಎಂದು ಕೇಳಿದೆ.

ಈಗ ಇಲ್ಲಿ, ಮಗಳ ಮನೆಯಲ್ಲಿ, ಯಾರಾದರೂ ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿದರೆ ನನ್ನ ಬೆನ್ನು ಸೆಟೆಯುತ್ತದೆ. ಮಧ್ಯಾಹ್ನ ಒಬ್ಬನೇ ತಟ್ಟೆ ತೊಳೆಯುವಾಗ ಊಟ ಆಯ್ತಾ ಎಂಬ ಆ ಎರಡು ಮಾತು ಕೇಳಿಸುತ್ತದೆ. ಕೇಳುತ್ತಿರುವವರು ಹೆಂಡತಿಯೋ ಅವಳೋ ತಿಳಿಯುವುದಿಲ್ಲ. ಆಯ್ತು ಎಂದು ಗಟ್ಟಿಯಾಗಿ ಉತ್ತರ ಕೊಟ್ಟದ್ದೂ ಇದೆ.

ಈ ವರ್ಷದ ತಿಥಿಯಂದು ಮಗಳು ಎಡೆ ಇಟ್ಟು, ವಿಡಿಯೋದಲ್ಲಿದ್ದ ನೆಂಟರಿಗೆ ಎಂದಿನ ಮಾತು ಹೇಳಿದಳು: "ಅಮ್ಮನಿಗೆ ಕೊನೇ ನೀರು ಅಪ್ಪನ ಕೈಯಿಂದ್ಲೇ ಸಿಕ್ತು. ಅದೊಂದೇ ಸಮಾಧಾನ." ವಿಡಿಯೋ ಮುಗಿದ ಮೇಲೆ, ಅವಳು ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ, ಎಲ್ಲವನ್ನೂ ಹೇಳಿದೆ. ಹಿಂದಿನ ಕೋಣೆ, ಬಸ್ಸು, ಗಿಂಡಿ, ಎರಡು ಸಾಲಿನ ಕಾಗದ.

ಅವಳು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. ಆಮೇಲೆ ಕೇಳಿದಳು.

"ಅವತ್ತು ರಾಂಗ್ ನಂಬರ್ ಅಂದ್ರಲ್ಲ. ಅದು ಅವರೇನಾ?"

"ಹ್ಞೂಂ."

"ನೀರು ಯಾರು ಬಿಟ್ರೂ ನಾನು ತಡ್ಕೋತಿದ್ದೆ ಅಪ್ಪಾ. ಆ ಕಾಗದ ನನ್ನ ಕೈಗೆ ಕೊಟ್ಟಿದ್ರೆ ಐದು ನಿಮಿಷದ ಕೆಲಸ."

ನಂಬರು ತೆಗೆದುಕೊಂಡು ಅವಳೇ ಫೋನು ಹಚ್ಚಿದಳು. ಆ ನಂಬರು ಬಳಕೆಯಲ್ಲಿಲ್ಲ ಎಂದು ಯಂತ್ರ ಹೇಳಿತು. ಮತ್ತೆ ಹಚ್ಚಿದಳು. ಈಗಲೂ ಆಗಾಗ ಹಚ್ಚುತ್ತಾಳೆ, ನನಗೆ ಹೇಳದೆ.

ಕಾಗದವನ್ನು ಕೊನೆಗೂ ಬರೆದಿದ್ದೇನೆ. ಎರಡೇ ಸಾಲು, ಕೆಳಗೆ ಸಹಿ. ಕಳಿಸಲು ವಿಳಾಸವಿಲ್ಲದೆ ಅದೇ ತಾಮ್ರದ ಗಿಂಡಿಯ ಕೆಳಗೆ ಇಟ್ಟಿದ್ದೇನೆ. ಆ ಪಾರ್ಲಿಮೆಂಟಿನವರು ಎಷ್ಟೋ ಗಡುವು ದಾಟಿ ಕೊನೆಗೂ ಹೊರಟುಹೋದರು. ಅವರನ್ನು ಬೈದಷ್ಟೂ ಬೈದವನು ನಾನು. ಅವರಾರೂ ನನ್ನ ಮನೆಯಲ್ಲಿ ಉಂಡವರಲ್ಲ, ನನ್ನವಳ ತಲೆ ಬಾಚಿದವರಲ್ಲ.

ನಾನು ಕ್ಷಮೆ ಕೇಳಬೇಕಿದ್ದು ಕೇಳದೆಹೋದದ್ದು ಹಿಂದಿನ ಕೋಣೆಯ ಆ ಪೋಲೆಂಡಿನ ಹೆಂಗಸನ್ನು. ನನ್ನ ಹೆಂಡತಿ ಅವಳನ್ನು ಮಗಳೇ ಎಂದು ಕರೆಯುತ್ತಿದ್ದಳು.