ನರ್ಸಮ್ಮ ಕೇಳಿದ ಒಂದು ಮೂಲೆ

ಕೋಲಾರದ ಬಸ್ ನಿಲ್ದಾಣದ ಹೊರಗೆ ಎಳನೀರಿನವನು ತನ್ನ ಗಾಡಿಗೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದ. ಏಪ್ರಿಲ್ ಮಧ್ಯಾಹ್ನ. ಬಿಸಿಲು ತಾಗಿದ್ದೇ ತಡ, ಸೆಣಬಿನದೂ ಮಣ್ಣಿನದೂ ಕಲೆತ ವಾಸನೆ ಗಾಡಿಯಿಂದ ಎದ್ದು ಬಂತು. ಶ್ರೀನಿವಾಸಪುರದ ಬಸ್ ಬಂದು ಹೋಯಿತು, ನಾನು ಹತ್ತಲಿಲ್ಲ. ಆ ವಾಸನೆಯಲ್ಲಿ ನರ್ಸಮ್ಮ ನಿಂತಿದ್ದರು...

ಅವರು ನಮ್ಮ ಊರಿನ ಸರ್ಕಾರಿ ನರ್ಸು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಹೆಗಲಿಗೆ ಲಸಿಕೆ ಡಬ್ಬಿ, ಕೈಯಲ್ಲಿ ಕೊಡೆ, ಬಾಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡದ ಬೈಗುಳ. ನಮ್ಮಮ್ಮ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಗಡಿನ ಚಾವಣಿಯ ಕೆಳಗೆ ಹೆಂಗಸರು ಸಾಲಾಗಿ ಕೂತು, ಸೊನೆ ಒರೆಸಿ, ದೊಡ್ಡದು ಚಿಕ್ಕದು ಬೇರೆ ಮಾಡಿ ಗುಡ್ಡೆ ಹಾಕಬೇಕು. ಆ ಕೆಲಸದಿಂದಲೇ ನಾನು ಓದಿದ್ದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಮ್ಮನ ಪಕ್ಕದಲ್ಲಿ ಕೂತಿದ್ದ ಹೆಂಗಸು ಮಧ್ಯಾಹ್ನ ಏನೇನೋ ಮಾತಾಡುತ್ತಾ ಹಾಗೇ ಕುಸಿದಳು. ಮೈ ಕಾದ ಹಂಚಿನಂತಾಗಿತ್ತು. ಜ್ವರ ಅಂದರು, ಕಂಬಳಿ ಹೊದಿಸಿದರು. ನೂರು ಗಂಡಸರು ಓಡಾಡುವ ಜಾಗದಲ್ಲಿ ಹೆಂಗಸನ್ನು ಮಲಗಿಸುವುದು ಹೇಗೆ? ಮಂಡಿಯಲ್ಲಿ ಬಾಗಿಲು ಅಂತ ಇದ್ದದ್ದು ಒಂದೇ ಕೋಣೆಗೆ, ಹಣ್ಣು ಮಾಡುವ ಕೋಣೆಗೆ. ಹುಲ್ಲು ಹರಡಿ, ಕಾಯಿ ಪೇರಿಸಿ, ಕಾರ್ಬೈಡ್ ಪೊಟ್ಟಣ ಇಟ್ಟು, ಕಾವು ಕೂಡಲೆಂದು ಗಾಳಿ ಆಡದಂತೆ ಮುಚ್ಚಿಡುವ ಜಾಗ ಅದು. ಅಲ್ಲಿಗೇ ಹೊತ್ತುಕೊಂಡು ಹೋಗಿ, ಮರ್ಯಾದೆಯಾಗಿ ಬಾಗಿಲು ಹಾಕಿದರು.

ನರ್ಸಮ್ಮ ಓಡಿ ಬಂದಾಗ ಅವಳಲ್ಲಿ ಉಸಿರಿರಲಿಲ್ಲ.

"ಅಯ್ಯೋ ದೇವುಡಾ! ಇದು ಜ್ವರ ಅಲ್ಲ ಕಣ್ರಮ್ಮಾ, ಬಿಸಿಲು! ಕಂಬಳಿ ಯಾವನು ತಂದಿದ್ದು? ನೀರು ಸುರೀಬೇಕಿತ್ತು ಮೈಮೇಲೆ."

ಅಮ್ಮ ತಿರುಗಿಸಿ ಕೇಳಿದಳಂತೆ. "ಇಷ್ಟು ಗಂಡಸರ ಮುಂದೆ ಸೀರೆ ನೆನೆಸಿ ಮಲಗಿಸೋಕಾಗ್ತದಾ ನರ್ಸಮ್ಮಾ? ನೀವಾಗಿದ್ರೆ ಮಲಗ್ತಿದ್ರಾ?"

ಮಾರನೇ ದಿನ ನರ್ಸಮ್ಮ ಮಂಡಿ ಯಜಮಾನರ ಮುಂದೆ ಹೋಗಿ ನಿಂತರು. ಒಂದು ಮೂಲೆ, ಸುತ್ತ ಕಟ್ಟೋಕೆ ಹರಕು ಗೋಣಿ, ಒಂದು ಡ್ರಮ್ ನೀರು. ಇನ್ನೇನೂ ಬೇಡ ಅಂದರು. ಯಜಮಾನರು ನಕ್ಕರು.

"ಏನ್ ನರ್ಸಮ್ಮಾ, ನಮ್ ಮಂಡೀಲಿ ಬಾಣಂತಿ ಕೋಣೆ ಮಾಡ್ತೀರಾ?"

"ಹೂಂ ಯಜಮಾನ್ರೇ, ಮಾಡ್ಕೊಡಿ. ಮೊದಲ್ನೇ ಬಾಣಂತನ ನಿಮಗೇ ಮಾಡ್ತೀನಿ."

ಲೋಡ್ ಮಾಡುತ್ತಿದ್ದ ಹಮಾಲಿಗಳೆಲ್ಲ ಬುಟ್ಟಿ ಇಳಿಸಿ ನಕ್ಕರಂತೆ. ಆ ನಗುವಿನಲ್ಲೇ ಮೂಲೆ ಸಿಕ್ಕಿತು. ಗೋಣಿ ಹೊಲಿದದ್ದು ಅಮ್ಮ. ಅದಕ್ಕೆ ಬಾಣಂತಿ ಕೋಣೆ ಅಂತಲೇ ಹೆಸರು ನಿಂತಿತು. ಒಳಗೆ ಹೋಗಿ ಬಂದವರಿಗೆ, "ಗಂಡಾ ಹೆಣ್ಣಾ?" ಅಂತ ಸಾಲಿನಲ್ಲಿ ಕೂತವರು ಕೇಳುತ್ತಿದ್ದರು.

ಆ ವರ್ಷವೇ ಅಮ್ಮನೂ ಬಿದ್ದಳು. ರಜಾ ಇತ್ತು, ಬುತ್ತಿ ಕೊಡಲು ಹೋದ ನಾನು ಅಲ್ಲಿದ್ದೆ. ಹೆಂಗಸರು ಅವಳನ್ನು ಎಳೆದುಕೊಂಡು ಗೋಣಿಯ ಮರೆಗೆ ನುಗ್ಗಿದರು, ಚೊಂಬು ಚೊಂಬು ನೀರು ಸುರಿದರು, ಒದ್ದೆ ಗೋಣಿಯಿಂದಲೇ ಗಾಳಿ ಬೀಸಿದರು. ಲಸಿಕೆ ಹಾಕಿ ಮುಗಿಸಿ ಬಂದ ನರ್ಸಮ್ಮ ಡಬ್ಬಿಯಲ್ಲಿದ್ದ ಐಸ್ ತೆಗೆದು ಅಮ್ಮನ ಕಂಕುಳಿಗೆ ಇಟ್ಟರು. ಕಣ್ಣು ಬಿಟ್ಟ ಅಮ್ಮ ಮೊದಲು ಸೆರಗು ಹುಡುಕಿದಳು.

"ಯಾರೂ ನೋಡಿಲ್ಲ ಬಿಡೇ ತಾಯಿ," ಅಂದರು ನರ್ಸಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಬಿಸಿಲು ವರ್ಷ ವರ್ಷ ಏರ್ತಾ ಇದೆ ಕಣೇ. ಈ ಮೂಲೆ ಬಿಡಬೇಡಿ."

ಬಿಡಬೇಡಿ ಅಂದರೆ... ಹಿಡಿದುಕೊಳ್ಳುವವರು ಯಾರು? ಒಂದೆರಡು ವರ್ಷಕ್ಕೆ ನರ್ಸಮ್ಮನವರಿಗೆ ನಂಗಲಿ ಕಡೆಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಹತ್ತು ಹಳ್ಳಿಯ ಕೆಲಸ, ಮಂಡಿಗೆ ಬರಲು ಪುರುಸೊತ್ತಿಲ್ಲ. ಬೋರ್‌ವೆಲ್ ಬತ್ತಿತು, ಟ್ಯಾಂಕರ್ ನೀರು ಕುಡಿಯುವುದಕ್ಕೇ ಸಾಲದಾಯಿತು, ಡ್ರಮ್ಮಿನ ತಳದಲ್ಲಿ ಧೂಳು ಕೂತಿತು. ಪ್ಲಾಸ್ಟಿಕ್ ಕ್ರೇಟ್ ಬಂದ ಮೇಲೆ ಅವನ್ನಿಡಲು ಜಾಗ ಬೇಕಾಗಿ, ಯಾರೋ ಗೋಣಿ ಬಿಚ್ಚಿದರು. ಯಾರು ಅಂತ ಯಾರಿಗೂ ನೆನಪಿಲ್ಲ. ಅಮ್ಮ ಮನೆಯಲ್ಲಿ ಹೇಳಿದ್ದಳು, ಮೂಲೆ ಮತ್ತೆ ಕೇಳಿದ್ದಕ್ಕೆ ಯಜಮಾನರು ಮುಂದಿನ ವರ್ಷ ನೋಡೋಣ ಅಂದರು ಎಂದು.

ಮುಂದಿನ ವರ್ಷ ಮೇ ತಿಂಗಳಲ್ಲಿ ನಾನು ಕೋಲಾರದಲ್ಲಿ ಬಿ.ಎ. ಕೊನೆಯ ಪರೀಕ್ಷೆ ಬರೆಯುತ್ತಿದ್ದೆ. ಅಮ್ಮ ಮತ್ತೆ ಬಿದ್ದಳು. ಮಂಡಿಯವರು ಕೆಟ್ಟವರಲ್ಲ, ಇದನ್ನು ನಾನು ಯಾವಾಗಲೂ ಹೇಳುತ್ತೇನೆ. ಯಜಮಾನರು ತಮ್ಮ ಸ್ವಂತ ಜಮಖಾನೆ ಕೊಟ್ಟರು. ಆಸ್ಪತ್ರೆಗೆ ಸಾಗಿಸಲು ವ್ಯಾನು ತರಲು ತಾವೇ ಓಡಿದರು. ಸಾಲಿನಲ್ಲಿ ಅರ್ಧ ಜನ ಹೊಸಬರು. ಹಳಬರು ನೀರಿಗಾಗಿ ಹುಡುಕುತ್ತಿದ್ದರು, ಹೊಸಬರು ಅವಳನ್ನು ಮರೆಗೆ ಒಯ್ದರು. ಬಾಗಿಲಿದ್ದದ್ದು ಒಂದೇ ಕೋಣೆಗೆ. ವ್ಯಾನು ಬರುವಷ್ಟರಲ್ಲಿ... ಅವಳ ಮೈಗೆ ಮೆತ್ತಿದ್ದ ಕಾರ್ಬೈಡ್ ವಾಸನೆ ಕೊನೆಯ ಸ್ನಾನ ಮಾಡಿಸಿದರೂ ಹೋಗಲಿಲ್ಲ.

ಸುದ್ದಿ ಕೇಳಿ ನರ್ಸಮ್ಮ ನಂಗಲಿಯಿಂದ ಲಾರಿ ಹತ್ತಿ ಬಂದಿದ್ದರು. ಬೈಗುಳ ಇರಲಿಲ್ಲ. ನಮ್ಮ ಜಗುಲಿಯಲ್ಲಿ ಕೂತು, "ಮೂಲೆ ಇತ್ತಲ್ಲಮ್ಮಾ... ಮೂಲೆ ಇತ್ತಲ್ಲ," ಅಂತ ಅಷ್ಟನ್ನೇ ಅಂದರು. ಮತ್ತೆ ಅವರನ್ನು ನಾನು ನೋಡಲಿಲ್ಲ. ನಿವೃತ್ತಿಯಾದ ಮೇಲೆ ಹೋಳೂರಿನಲ್ಲಿ ತೀರಿಕೊಂಡರಂತೆ. ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಪಾಸಾದೆ, ಸ್ಕೂಲ್ ಮೇಡಂ ಆದೆ. ಹೋದ ಬೇಸಿಗೆ ಅದೇ ಮಂಡಿಗೆ ಹೋಗಿ, ಅದೇ ಮೂಲೆ ಕೇಳಿದೆ. ಈಗ ಯಜಮಾನರ ಮಗ ನೋಡಿಕೊಳ್ಳುತ್ತಾರೆ. "ಬನ್ನಿ ಮೇಡಂ, ಕೂತ್ಕೊಳ್ಳಿ," ಅಂತ ಕುರ್ಚಿ ಒರೆಸಿ ಕೊಟ್ಟರು, ತಣ್ಣನೆಯ ಜ್ಯೂಸ್ ತರಿಸಿದರು. ಸೀಸನ್ ಮುಗೀಲಿ ಅಂದರು. ಕ್ರೇಟುಗಳು ತಗಡಿನವರೆಗೂ ಏರಿದ್ದವು. ಅಮ್ಮ ಕೂರುತ್ತಿದ್ದ ಸಾಲಿನಲ್ಲಿ ಬೇರೆ ಹೆಂಗಸರು ಸೊನೆ ಒರೆಸುತ್ತಿದ್ದರು. ನನ್ನ ಓದಿಗೆ ಒಂದು ಕುರ್ಚಿ ಸಿಕ್ಕಿತು. ಮೂಲೆ ಸಿಗಲಿಲ್ಲ.

"ಆ ಗೋಣಿಗೆ ಇನ್ನೊಂದ್ಸಲ ನೀರು ಹಾಕಪ್ಪಾ," ಅಂದೆ ಎಳನೀರಿನವನಿಗೆ.

"ಇದ್ದಿದ್ದೆಲ್ಲಾ ಆಯ್ತಕ್ಕಾ. ನೀರೆಲ್ಲಿದೆ?"

ಗೋಣಿ ಅಂಚಿನಿಂದ ಒಣಗುತ್ತಾ ಬಂದಿತ್ತು. ಮುಂದಿನ ಬಸ್ ಬರುವ ಹೊತ್ತಿಗೆ ಆ ವಾಸನೆಯೂ ಇರಲಿಲ್ಲ.