ನನ್ನ ನಿದ್ದೆಗೆ ಸಾಕ್ಷಿ ಹೇಳಿದವಳು

ಐವತ್ತು ತುಂಬುವವರೆಗೂ ನನಗೊಂದು ವಿದ್ಯೆ ಚೆನ್ನಾಗಿ ಸಿದ್ಧಿಸಿದೆ ಎಂದು ನಂಬಿದ್ದೆ. ಅದು ನಿದ್ದೆ. ಬೆಳಿಗ್ಗೆ ಮುಂಬಯಿಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆಯ ಆಫೀಸಿಗೆ ಹೋಗುವಾಗ, ದಿವಾ ಸ್ಟೇಷನ್ನಿನಲ್ಲಿ ಏರಿದ ಜನ ನಾಲ್ಕೂ ಕಡೆಯಿಂದ ಒತ್ತಿ ಹಿಡಿಯುತ್ತಿದ್ದಂತೆ ನಾನು ನಿಂತಲ್ಲೇ ಒಂದು ಸುತ್ತು ನಿದ್ದೆ ಮುಗಿಸುತ್ತಿದ್ದೆ. ಬೀಳುವ ಭಯವಿರಲಿಲ್ಲ, ಬೀಳಲು ಜಾಗ ಬೇಕಲ್ಲ! ಸಂಜೆ ಸೀಟು ಸಿಕ್ಕಿದರೆ ಮಾತ್ರ ಕಷ್ಟ. ಎರಡು ಸಲ ಡೊಂಬಿವಲಿ ದಾಟಿ, ಕಲ್ಯಾಣವನ್ನೂ ದಾಟಿ, ಟಿಟ್ವಾಳಾದಲ್ಲಿ ಕಣ್ಣುಬಿಟ್ಟೆ. ಬಂದದ್ದು ಬಂದಾಯಿತೆಂದು ಅಲ್ಲಿನ ಗಣಪತಿಗೆ ಕೈಮುಗಿದು ಹಿಂತಿರುಗಿದೆ. ಮನೆಯಲ್ಲಿ ಅದು ಭಕ್ತಿ ಎಂದೇ ದಾಖಲಾಯಿತು.

ಕನ್ನಡದಲ್ಲಿ ನಿದ್ದೆ ತಾನಾಗಿ ಬರುತ್ತದೆ. ಗೊರಕೆಯನ್ನು ಮಾತ್ರ ನಾವೇ ಹೊಡೆಯುತ್ತೇವೆ. ಒಂದು ಅತಿಥಿ, ಇನ್ನೊಂದು ಅಪರಾಧ. ಹೊಡೆದವನಿಗೆ ತನ್ನ ಏಟು ಕೇಳಿಸುವುದಿಲ್ಲವಾದ್ದರಿಂದ ಆರೋಪವನ್ನು ಅಲ್ಲಗಳೆಯುವುದು ಬಹಳ ಸುಲಭ. ನಾನೂ ಅದನ್ನೇ ಮಾಡಿದೆ. ಆದರೆ ಹೆಂಡತಿ ವನಜಾಳ ದೂರು ಬೇರೆಯೇ ಆಗಿತ್ತು.

"ನೀವು ಗೊರಕೆ ಹೊಡೆಯುವಾಗ ನನಗೆ ಹೆದರಿಕೆ ಇಲ್ಲ ಮಾರಾಯ್ರೆ. ಅದು ನಿಲ್ಲುತ್ತದಲ್ಲ, ಆಗ ಹೆದರಿಕೆ."

"ನಿಂತರೆ ನಿನಗೆ ಒಳ್ಳೆಯದೇ ಅಲ್ವಾ?"

"ಗೊರಕೆ ಮಾತ್ರ ಅಲ್ಲ, ಉಸಿರೇ ನಿಲ್ಲುವುದು."

ಉಸಿರು ನಿಂತವನು ಬೆಳಿಗ್ಗೆ ಎಂಟು ಇಡ್ಲಿ ತಿನ್ನುತ್ತಾನೆಯೇ ಎಂದು ನಾನು ವಾದ ಮುಗಿಸಿದೆ.

ಒಂದು ಭಾನುವಾರ ಮಗಳು ನವ್ಯಾಳನ್ನು ನೆರೂಲಿನ ಹಾಸ್ಟೆಲಿಗೆ ಬಿಡಲು ಕಾರಿನಲ್ಲಿ ಹೊರಟಿದ್ದೆವು. ಹಾಡಹಗಲು. ನವಿ ಮುಂಬಯಿಯ ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡು ನಿಲ್ಲಿಸಿದೆ. ಆಮೇಲೆ ಕೇಳಿಸಿದ್ದು ಢಬ್ ಎಂಬ ಸದ್ದು. ಬ್ರೇಕಿನ ಮೇಲಿದ್ದ ಕಾಲು ಸಡಿಲಾಗಿ, ಕಾರು ಉರುಳಿ ಮುಂದಿನ ರಿಕ್ಷಾಕ್ಕೆ ತಾಗಿತ್ತು. ರಿಕ್ಷಾದವನು ಇಳಿದು ಬಂದು ನನ್ನ ಮುಖ ನೋಡಿದ. "ಕಾಯ್ ಕಾಕಾ, ಝೋಪಲಾತ್ ಕಾ?" ನಿದ್ದೆ ಹೋದಿರಾ ಎಂಬ ಆ ಪ್ರಶ್ನೆಗೆ ನಾನು ಬ್ರೇಕನ್ನು ಬೈಯುವ ಸಿದ್ಧತೆಯಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ನವ್ಯಾ ನಿದ್ದೆ ಹೋಗಿದ್ದು ನಿಜವೆಂದು ಹೇಳಿಬಿಟ್ಟಳು: "ಹಾಂ ಭಯ್ಯಾ, ಸೋ ಗಯೇ ಥೇ. ಸಾರಿ." ಆಮೇಲೆ ನನಗೆ, "ಪಪ್ಪಾ, ಉತ್ರೋ. ಮೈ ಚಲಾತೀ ಹೂಂ." ನಾನು ಇಳಿದೆ, ಅವಳು ಡ್ರೈವರ್ ಸೀಟಿಗೆ ಬಂದಳು.

ಅವಳಿಗೆ ಲೈಸೆನ್ಸ್ ಸಿಕ್ಕಿ ಆರು ತಿಂಗಳಾಗಿರಲಿಲ್ಲ. ಅವಳು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು, ಇಪ್ಪತ್ತರ ವೇಗದಲ್ಲಿ ನೆರೂಲು ಮುಟ್ಟಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಮರುದಿನವೇ ಡಾಕ್ಟರನ್ನು ಕಾಣಲು ಹೆಸರು ಬರೆಸಿದೆ.

ಠಾಣೆಯ ಆ ಡಾಕ್ಟರು ಮೊದಲು ಒಂದು ಪರೀಕ್ಷೆ ಕೊಟ್ಟರು. ಓದುವಾಗ, ಟಿವಿ ನೋಡುವಾಗ, ಊಟದ ನಂತರ ಸುಮ್ಮನೆ ಕುಳಿತಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ತೂಕಡಿಕೆ ಎಷ್ಟು? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ನಾನು ಉದಾರವಾಗಿ ಸೊನ್ನೆ ಹಾಕಿಕೊಳ್ಳುತ್ತ ಹೋದೆ. ವನಜಾ ಪಕ್ಕದಿಂದ ತಿದ್ದುತ್ತ ಬಂದಳು. ಡಾಕ್ಟರು ಟೇಪು ಹಿಡಿದು, ಅಂಗಿ ಹೊಲಿಯುವವರಂತೆ ನನ್ನ ಕುತ್ತಿಗೆಯ ಸುತ್ತಳತೆ ತೆಗೆದರು, ಬಾಯಿ ತೆರೆಸಿ ಗಂಟಲು ನೋಡಿದರು. ಕೊನೆಗೆ ಕುರ್ಚಿಯನ್ನೇ ಅವಳ ಕಡೆ ತಿರುಗಿಸಿ, "ಇನ್‌ಕೋ ಕ್ಯಾ ಪತಾ? ಭಾಭೀಜಿ, ಆಪ್ ಬತಾಯಿಯೇ" ಅಂದರು. ಇವರಿಗೇನು ಗೊತ್ತು, ನೀವೇ ಹೇಳಿ ಎಂದು.

ವನಜಾ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿ ಮೇಜಿನ ಮೇಲಿಟ್ಟಳು. ಗೊರಕೆ ಏರಿತು, ಇನ್ನೂ ಏರಿತು, ಥಟ್ಟನೆ ನಿಂತಿತು. ಮೌನ. ಡಾಕ್ಟರು ವಾಚು ನೋಡುತ್ತಿದ್ದರು. ಮೌನ ಮುಂದುವರಿಯಿತು. ಎಳೆದುಕೋ ಮಾರಾಯ, ಉಸಿರು ಎಳೆದುಕೋ ಎಂದು ನಾನೇ ಮನಸ್ಸಿನಲ್ಲಿ ಅಂದುಕೊಂಡೆ. ಕೊನೆಗೆ ನೀರಿನಿಂದ ಮೇಲೆದ್ದವನ ಹಾಗೆ ಒಂದು ಭಾರೀ ಉಸಿರು.

ಆದರೆ ಅಷ್ಟೇ ಸಾಲದಂತೆ. ಒಂದು ರಾತ್ರಿ ಅಲ್ಲೇ ಮಲಗಿ ನಿದ್ದೆಯನ್ನು ಅಳೆಸಿಕೊಳ್ಳಬೇಕು. ಟೆಕ್ನಿಷಿಯನ್ ಹುಡುಗಿ ತಲೆ, ಕಣ್ಣಿನ ಪಕ್ಕ, ಗದ್ದ, ಕಾಲುಗಳಿಗೆಲ್ಲ ತಂತಿ ಅಂಟಿಸಿದಳು. ಎದೆಗೆ, ಹೊಟ್ಟೆಗೆ ಪಟ್ಟಿ ಬಿಗಿದಳು. ಮೂಗಿನ ಕೆಳಗೆ ಸಣ್ಣ ನಳಿಕೆ, ಬೆರಳಿಗೆ ಕ್ಲಿಪ್ಪು. ಇಷ್ಟೆಲ್ಲ ಆದ ಮೇಲೆ, "ಆತಾ ನಿವಾಂತ್ ಝೋಪಾ ಕಾಕಾ" ಎಂದಳು. ಇನ್ನು ನಿಶ್ಚಿಂತೆಯಿಂದ ಮಲಗಬೇಕಂತೆ! ಜನ್ಮದಲ್ಲಿ ಮೊದಲ ಬಾರಿ ನನಗೆ ನಿದ್ದೆ ಬರಲಿಲ್ಲ. ಹೇಗೋ ಬಂದಿರಬೇಕು, ಬೆಳಿಗ್ಗೆ ಅವಳು ಬೇಕಾದಷ್ಟು ಮಾಹಿತಿ ಸಿಕ್ಕಿತು ಎಂದು ಖುಷಿಯಿಂದ ತಂತಿ ಕಿತ್ತಳು.

ವರದಿ ಸ್ಪಷ್ಟವಾಗಿತ್ತು. ಮಲಗಿದಾಗ ಗಂಟಲು ಸಡಿಲಾಗಿ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ನನಗೆ ಗೊತ್ತೇ ಆಗದಂತೆ, ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ. ಅಂದರೆ ನಿದ್ದೆಯ ಪಂಡಿತನೆಂದು ಮೆರೆದವನು ವರ್ಷಗಟ್ಟಲೆ ಸರಿಯಾಗಿ ನಿದ್ದೆಯನ್ನೇ ಮಾಡಿರಲಿಲ್ಲ. ಲೋಕಲ್ಲಿನಲ್ಲಿ ಮಾಡುತ್ತಿದ್ದದ್ದು ಬರೀ ಬಾಕಿ ಕೆಲಸ.

ಮೂಗಿಗೆ ಮುಖವಾಡ ಕಟ್ಟಿ ಗಾಳಿ ಒತ್ತುವ ಯಂತ್ರ ಮನೆಗೆ ಬಂತು. ಮೊದಲ ಮೂರು ದಿನ ಜಗಳವಾಡಿದೆ. ನಾಲ್ಕನೆಯ ಬೆಳಿಗ್ಗೆ ಎದ್ದಾಗ ತಲೆ ತೊಳೆದಿಟ್ಟ ಹಾಗೆ ಹಗುರವಾಗಿತ್ತು. ಏಳು ಗಂಟೆ. ಐದೂವರೆಗೇ ಏಳುವ ವನಜಾ ಇನ್ನೂ ಮಲಗಿದ್ದಳು. ನಾನೇ ಚಹಾ ಮಾಡಿ ತಂದೆ. ಅವಳು ಗಡಬಡಿಸಿ ಎದ್ದಳು.

"ಇಷ್ಟು ಹೊತ್ತು ಮಲಗಿದ್ದೆನಾ! ದಿನಾ ನಿಮ್ಮ ಎದೆ ಮೇಲೆ ಕೈ ಇಟ್ಟೇ ಮಲಗುವುದು, ಉಸಿರು ನಿಂತರೆ ತಟ್ಟಿ ಎಬ್ಬಿಸಲಿಕ್ಕೆ. ನಿನ್ನೆ ಮರೆತೇ ಹೋಯ್ತು ನೋಡಿ."

"ಎಷ್ಟು ವರ್ಷದಿಂದ?"

"ನವ್ಯಾ ಒಂದನೇ ಕ್ಲಾಸಲ್ಲಿ ಇರುವಾಗಿಂದ."

ಅಷ್ಟೊಂದು ತಂತಿಗಳು ಒಂದೇ ರಾತ್ರಿ ಮಾಡಿದ ಕೆಲಸವನ್ನು ಒಂದು ಕೈ ಇಷ್ಟು ವರ್ಷ ಮಾಡಿತ್ತು. ಲೋಟ ಅವಳ ಕೈಗಿತ್ತು, "ನೀನೂ ಸಣ್ಣಗೆ ಗೊರಕೆ ಹೊಡೀತಿ, ಗೊತ್ತುಂಟಾ?" ಎಂದೆ.

"ನಾನಾ? ಸಾಧ್ಯವೇ ಇಲ್ಲ" ಎಂದಳು ವನಜಾ, ಪೂರ್ಣ ಆತ್ಮವಿಶ್ವಾಸದಿಂದ.